ಮಾಲತಿಯ ಬಳೆ ಶಾಸ್ತ್ರ

ಉರಿಗಾಂನ ಹಳೆಯ ಗಣಿ ಕಾರ್ಮಿಕರ ಸಾಲುಮನೆಗಳ ಮುಂದೆ ಇಬ್ಬರು ಹೆಂಗಸರು ಜೋರಾಗಿ ಜಗಳವಾಡುತ್ತಿದ್ದರು. ಶ್ರೀಲಂಕಾದಿಂದ ನಿರಾಶ್ರಿತಳಾಗಿ ಬಂದ ಗರ್ಭಿಣಿ ಮಾಲತಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ನಿರಾಶ್ರಿತರಿಗೆ ನೆರವಾಗುವ ನಮ್ಮ ಸಂಘವೇ ಅವಳಿಗೆ ಆ ಬಾಡಿಗೆ ಮನೆ ಕೊಡಿಸಿತ್ತು. ಹೊರಗಿನವರು ಬೇಡವೆಂದು ಕೆಲವರು ಆಗಲೇ ಗೊಣಗಿದ್ದರು. ಈಗ ಅವಳನ್ನು ಮನೆ ಬಿಡಿಸುತ್ತಿದ್ದಾರೆಂದುಕೊಂಡು, “ಇಲ್ಲಿರೋಕೆ ಅವಳಿಗೂ ಹಕ್ಕಿದೆ” ಎನ್ನುತ್ತಾ ನಡುವೆ ಹೋದೆ.

“ಇರಬ್ಯಾಡ ಅಂದೋರ್ ಯಾರಮ್ಮಾ?” ಪಕ್ಕದ ಮನೆಯ ಮುನಿಯಮ್ಮ ನನ್ನತ್ತ ತಿರುಗಿದರು. “ನಾಳೆ ಇವಳಿಗೆ ಬಳೆ ತೊಡಿಸ್ಬೇಕು. ತವರುಮನೆ ಸಮುದ್ರದ ಆಚೆಗೈತೆ. ತಾಯಿ ಜಾಗ್ದಲ್ಲಿ ನಾನ್ ಕೂತ್ಕಂತೀನಿ ಅಂದ್ರೆ ಈ ಸೆಲ್ವಿ ಬಿಡಲ್ಲ ಅಂತಾಳೆ!”

“ಬಾಯಿಗೆ ಹುಳಿ ಬೇಕು ಅಂದಾಗ ಮಾವಿನಕಾಯಿ ತಂದ್ಕೊಟ್ಟೋಳು ನಾನಾ, ನೀನಾ ಅಕ್ಕಾ?” ಎಂದರು ಎದುರುಮನೆಯ ಸೆಲ್ವಿ.

“ಅವಳ್ಗೂ ಅಕ್ಕೈತೆ ಅಂದ್ಯಲ್ಲ, ನೀನೇ ಯೋಳು. ತಾಯಿ ಅಕ್ಕು ಯಾರ್ದು?” ಎಂದು ಮುನಿಯಮ್ಮ ನನ್ನನ್ನೇ ಕೇಳಿದರು. ಮಾಲತಿ ಅಳುತ್ತಲೇ ನಕ್ಕು, ಇಬ್ಬರಿಗೂ ಒಂದೊಂದು ಕೈ ಚಾಚಿದಳು.

ಮರುದಿನ ಇಬ್ಬರೂ ಅವಳ ಅಕ್ಕಪಕ್ಕ ಕುಳಿತು ಹಸಿರು ಬಳೆ ತೊಡಿಸಿದರು. ಬಾಣಂತನ ಯಾರ ಮನೆಯಲ್ಲಿ ಎಂಬ ಜಗಳ ಈಗ ನಡೆದಿದೆ. ಈ ಸಲ ನಾನು ನಡುವೆ ಹೋಗಿಲ್ಲ.