ಮೇಸ್ತ್ರಿ ಕರೀತಾವ್ರೆ

ಒಂದೇ ಸಲ ಕೂಗಿದರೆ ಓಗೊಡಬೇಡ, ಮೂರನೇ ಕೂಗಿಗೆ ಬಾಯಿ ತೆರೆ ಎಂದು ನಮ್ಮತ್ತೆ ಹೇಳುತ್ತಿದ್ದರು. ದೆವ್ವಕ್ಕೆ ಮೂರರ ತನಕ ಎಣಿಸಲು ಬಾರದೇ ಎಂದು ನಾನು ನಗುತ್ತಿದ್ದೆ. ದೆವ್ವ ಇದೆ ಎಂದು ಈಗಲೂ ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ; ನಂಬುವುದು ನಿಮಗೆ ಬಿಟ್ಟದ್ದು.

ಆಗ ನಾವು ಚಿನ್ನದ ಗಣಿ ಕೂಲಿಗಳ ಊರಿಗಾಂ ಲೈನಿನಲ್ಲಿ, ಬಿದಿರು ತಟ್ಟಿಯ ಮನೆಯಲ್ಲಿದ್ದೆವು. ಗಣಿಯ ಧೂಳಿಗೆ ಎದೆ ಕೆಟ್ಟು ಗಂಡ ಸತ್ತಿದ್ದ. ಅದೇ ಕೆಲಸ ಮಗ ಮುನಿರಾಜನಿಗೆ ಸಿಗಲಿ ಎಂದು ಗಣಿ ಮೇಸ್ತ್ರಿಯ ಹಿಂದೆ ಆರು ತಿಂಗಳು ಅಲೆದಿದ್ದೆ. ಹೊಟ್ಟೆಗೆ ಬೇರೆ ದಾರಿ ಇರಲಿಲ್ಲ.

ಮಗನಿಗೆ ಬ್ಯಾಂಡಿನ ಹುಚ್ಚು. ಬ್ಯಾಂಡ್ ಮೇಸ್ತ್ರಿ ಅರುಳಪ್ಪನವರು ಲೈನಿನ ಹುಡುಗರ ಕೈಗೆ ಹಿತ್ತಾಳೆ ಕಹಳೆ ಕೊಟ್ಟು, ಕೋಲು ಆಡಿಸಿ ನುಡಿಸಲು ಕಲಿಸುತ್ತಿದ್ದರು. ಹಳಬರನ್ನು ಹಿಂದೆ ನಿಲ್ಲಿಸಿ ಹುಡುಗರನ್ನು ಮುಂದೆ ತರುವರು, ಅದಕ್ಕೆ ಜಗಳ ಬೇರೆ. ನನ್ನ ಬಾಗಿಲಿಗೂ ಬಂದಿದ್ದರು.

"ಯಮ್ಮಾ, ನಿನ್ ಮಗನ್ ಎದೇಲಿ ಒಳ್ಳೆ ಗಾಳಿ ಐತೆ. ಗಣಿಗೆ ಆಕ್ಬ್ಯಾಡ."

"ಗಾಳಿ ನಂಚ್ಕೊಂಡು ಮುದ್ದೆ ಉಣ್ಣಕ್ಕಾಯ್ತದಾ? ಕೋಲ್ ಎತ್ಕೊಂಡ್ ಓಗಿ ಮೇಸ್ತ್ರೀ" ಎಂದೆ. ನಕ್ಕು ಹೋದರು.

ವಾರ ಕಳೆದಿರಬೇಕು. ಮಧ್ಯಾಹ್ನ ಮುದ್ದೆ ಪಾತ್ರೆ ತೊಳೆಯುತ್ತಿದ್ದೆ. ತಟ್ಟಿಯ ಆಚೆಯಿಂದ ಯಾರೋ, "ಮೇಸ್ತ್ರಿ ಕರೀತಾವ್ರೆ, ಮುನಿರಾಜನ್ನ ಕಳ್ಸು" ಎಂದರು.

"ಯಾವ್ ಮೇಸ್ತ್ರಿ?" ಎಂದೆ. ಹೊರಗೆ ಬಂದರೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಗಣಿ ಮೇಸ್ತ್ರಿಯೇ ಇರಬೇಕು, ಕೆಲಸ ಸಿಕ್ಕಿತು ಎಂದುಕೊಂಡು, "ಏಳ್ಲಾ, ಮೇಸ್ತ್ರಿ ಕರೀತಾವ್ರಂತೆ, ಓಡು" ಎಂದು ಮಗನನ್ನು ಎಬ್ಬಿಸಿದೆ. ಅವನಿಗೆ ಮೇಸ್ತ್ರಿ ಎಂದರೆ ಒಬ್ಬರೇ. ಬ್ಯಾಂಡಿನ ಶೆಡ್ಡಿಗೆ ಓಡಿದ.

ಸಂಜೆಯಾದರೂ ಬರಲಿಲ್ಲ. ಗಣಿ ಮೇಸ್ತ್ರಿಯ ಹತ್ತಿರ ಹೋದೆ. "ನಾನ್ಯಾರ್ನೂ ಕಳಿಸ್ಲಿಲ್ಲಮ್ಮ. ನಾಳೆ ಕರ್ಕೊಂಬಾ, ಎಸ್ರು ಬರುಸ್ತೀನಿ" ಎಂದ.

ಅಲ್ಲಿಂದ ಬ್ಯಾಂಡಿನ ಶೆಡ್ಡಿಗೆ ಹೋದರೆ, ಮುನಿರಾಜನೂ ಸೇರಿ ಆರು ಹುಡುಗರು ಕಹಳೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆರು ಮನೆಗೂ ಅದೇ ಕೂಗು, ಅದೇ ಹೊತ್ತು. ಮುಖ ಕಂಡವರಿಲ್ಲ. ಅರುಳಪ್ಪನವರು ಬೆಳಿಗ್ಗೆಯೇ ರೈಲಿಗೆ ಬಂಗಾರಪೇಟೆಗೆ ಹೋಗಿದ್ದರಂತೆ. ಕತ್ತಲಾಗುವ ಮುಂಚೆ ಸುದ್ದಿ ಬಂತು: ಮಧ್ಯಾಹ್ನ ಅಲ್ಲಿನ ಸ್ಟೇಷನ್ನಿನಲ್ಲೇ ಕುಸಿದು ಸತ್ತಿದ್ದರು.

ಯಾರೋ ತಮಾಷೆಗೆ ಕೂಗಿರಬಹುದು. ಆರು ಕಡೆ ಒಂದೇ ಹೊತ್ತಿಗೆ ಹೇಗೆ, ನನಗೆ ತಿಳಿಯದು.

ಮರುದಿನ ಮಗನನ್ನು ಗಣಿ ಗೇಟಿಗೆ ನಾನೇ ಎಳೆದುಕೊಂಡು ಹೋದೆ. ಗಣಿ ಮೇಸ್ತ್ರಿ ಹುಡುಗನ ಹೆಸರೇನು ಎಂದು ಕೇಳಿದ. "ಇವನ್ ಬ್ಯಾಡ, ಬುಡಿ" ಎಂದಿತು ನನ್ನ ಬಾಯಿ.

"ತಲೆ ಕೆಟ್ಟೈತಾ? ಆರ್ ತಿಂಗ್ಳು ನನ್ ಪ್ರಾಣ ತಿಂದ್ಯಲ್ಲಮ್ಮಾ!"

ಯಾಕೆ ಹಾಗೆಂದೆನೋ ಇವತ್ತಿಗೂ ಗೊತ್ತಿಲ್ಲ. ಮಗನ ಕೈ ಹಿಡಿದು ವಾಪಸು ಬಂದೆ. ಮನೆಯಲ್ಲಿ ಎರಡು ಹೊತ್ತಿಗಾಗುವಷ್ಟು ರಾಗಿಹಿಟ್ಟಿತ್ತು.