ಹಳೆಯ ಪುಟದ ತಲೆಯ ಮೇಲಿನ ಸಾಲು

ಕರೆಂಟು ಹೋಗಬಹುದು. ಸರ್ವರ್ ಕೈಕೊಡಬಹುದು. ಔರಾದದ ಬಸ್ ನಿಲ್ದಾಣದ ಬಳಿ ನೆಟ್‌ವರ್ಕ್ ಸಿಗದೇ ಹೋಗಬಹುದು. ಒಂದೇ ಹೆಸರು ಮರಾಠಿ ಕಾಗದದಲ್ಲಿ ಒಂದು ಥರ, ಕನ್ನಡದ್ದರಲ್ಲಿ ಇನ್ನೊಂದು ಥರ ಇರಬಹುದು. ಕೋತಿ ಬಂದು ಕೇಬಲ್ಲು ಹರಿಯಬಹುದು — ಏನೇನು ಕೆಡಬಹುದೆಂಬ ನನ್ನ ಪಟ್ಟಿಯಲ್ಲಿ ಅದನ್ನೂ ಬರೆದಿಟ್ಟುಕೊಂಡಿದ್ದೆ. ಇವ್ಯಾವೂ ಆಗಲಿಲ್ಲ. ಆದದ್ದು ಇಷ್ಟೇ: ಇಂಟರ್ನೆಟ್ಟಿನಲ್ಲಿದ್ದ ಹಳೆಯ ಕೈಪಿಡಿಯ ಪುಟದ ಮೇಲೆ ‘ಇದು ಹಳೆಯದು, ಹೊಸದು ಇಲ್ಲಿದೆ’ ಎಂಬ ಒಂದು ಸಾಲನ್ನು ನಾನು ಹಾಕಲಿಲ್ಲ. ಹಾಕಿದ್ದೆ ಎಂದು ಸುಳ್ಳು ಹೇಳಿದೆ. ಆ ಸುಳ್ಳಿಗೆ ನಿಮ್ಮ ಕೆಲಸ ಹೋಯಿತು, ಸುನಂದಾಬಾಯಿ.

ಬರ ಬಿದ್ದ ಎರಡನೆಯ ವರ್ಷ ಅದು. ಔರಾದ, ಭಾಲ್ಕಿ ಕಡೆಯ ಜನ ಕಬ್ಬು ಕಡಿಯಲು ಲಾರಿ ಹತ್ತುತ್ತಿದ್ದರು. ಅವರ ಮಕ್ಕಳು ಊರಲ್ಲೇ ಉಳಿದು ಓದಲೆಂದು ಶಾಲೆಗಳಲ್ಲಿ ಆರು ತಿಂಗಳ ಹಾಸ್ಟೆಲ್ ನಡೆಯುತ್ತಿತ್ತು. ಅದರ ಅರ್ಜಿಯ ತಂತ್ರಾಂಶ ಮಾಡಿದ್ದು ಬೀದರಿನ ಚಿದ್ರಿಯಲ್ಲಿ ಎರಡು ಕೋಣೆಯ ನಮ್ಮ ಕಂಪನಿ; ಅದನ್ನು ಬಳಸುವುದು ಹೇಗೆಂದು ಬರೆಯುವವನು ನಾನು. ಔರಾದದಲ್ಲಿ ಜನರ ಅರ್ಜಿ ತುಂಬಿಕೊಡುವ ಕೇಂದ್ರ ನಿಮ್ಮದು.

ಮೊದಲ ವರ್ಷ ಅರ್ಜಿ ತುಂಬಿ, ಪ್ರಿಂಟ್ ತೆಗೆದು ಶಾಲೆಗೆ ಕೊಟ್ಟರೆ ಮುಗಿಯುತ್ತಿತ್ತು. ಎರಡನೆಯ ವರ್ಷ ಕೊನೆಗೆ ‘ಕಳುಹಿಸಿ’ ಎಂಬುದನ್ನು ಒತ್ತಲೇಬೇಕಾಯಿತು. ಒತ್ತದಿದ್ದರೆ ಅರ್ಜಿ ಎಲ್ಲಿಗೂ ಹೋಗದು. ಹೊಸ ಕೈಪಿಡಿ ಬರೆದು ಬೇರೆ ವಿಳಾಸದಲ್ಲಿ ಇಟ್ಟೆ. ಹಳೆಯದನ್ನು ಹಾಗೇ ಬಿಟ್ಟೆ. ಯಾರಿಗಾದರೂ ಬೇಕಾದೀತು ಎಂದೆ — ನೆಪ. ಹುಡುಕಿದವರಿಗೆಲ್ಲ ಮೊದಲು ಸಿಗುತ್ತಿದ್ದದ್ದು ಆ ಹಳೆಯ ಪುಟ, ಅದರ ಕೆಳಗೆ ನನ್ನ ಹೆಸರು. ಹಲಬರ್ಗಾದ ಮದುವೆಯೊಂದರಲ್ಲಿ ಊಟದ ಪಂಕ್ತಿಯಲ್ಲೇ ಫೋನ್ ತೆಗೆದು ಆ ಪುಟವನ್ನು ಭಾವನಿಗೆ ತೋರಿಸಿದವನು ನಾನು. ಅದರ ತಲೆಯ ಮೇಲೆ ‘ಹಳೆಯದು’ ಎಂದು ನನ್ನ ಕೈಯಾರೆ... ನಲವತ್ತೈದು ದಾಟಿದವನಿಗೆ ಆ ಪದವೇ ಆಗಿಬರುವುದಿಲ್ಲ.

ನೀವೂ ಹುಡುಕಿದಿರಿ. ನಿಮಗೂ ಅದೇ ಸಿಕ್ಕಿತು. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಸಾಲು ಸಾಲು ನೋಡಿ ಹನ್ನೊಂದು ಮಕ್ಕಳ ಅರ್ಜಿ ತುಂಬಿದಿರಿ. ಒಂದೂ ಹೋಗಲಿಲ್ಲ. ಹಾಸ್ಟೆಲ್ ಪಟ್ಟಿಯಲ್ಲಿ ಅವರ ಹೆಸರಿಲ್ಲವೆಂದು ತಿಳಿಯುವ ಹೊತ್ತಿಗೆ ಲಾರಿ ಬಂದಿತ್ತು. ಮಕ್ಕಳೂ ಹತ್ತಿದರು. ಅವರಲ್ಲಿ ನಿಮ್ಮ ಪಕ್ಕದ ಮನೆಯ, ಏಳನೇ ತರಗತಿಯ ಹುಡುಗಿಯೂ ಇದ್ದಳು.

ಗೋಡೆಯಿಂದ ಕಿತ್ತ ಕಾಗದ ಹಿಡಿದು ನೀವು ನಮ್ಮ ಆಫೀಸಿಗೆ ಬಂದಿರಿ. ಸುದ್ದಿ ನನಗೆ ಹಿಂದಿನ ದಿನವೇ ಮುಟ್ಟಿತ್ತು. ಆ ಸಾಲನ್ನು ಆಗಲೇ ಪುಟಕ್ಕೆ ಸೇರಿಸಿಬಿಟ್ಟಿದ್ದೆ.

“ಸರ್, ನೀವು ಬರೆದಂಗೇ ಮಾಡೀನ್ರಿ. ಹಳೇದು ಅಂತ ಇದರಾಗ ಎಲ್ಲಿ ಅದರಿ?”

ನಾನು ಕಂಪ್ಯೂಟರನ್ನು ನಿಮ್ಮತ್ತ ತಿರುಗಿಸಿದೆ. “ಮ್ಯಾಲೇ ಅದಲ್ರಿ ಬಾಯಿ. ಪ್ರಿಂಟ್ ತೆಗಿಯಾಗ ಅದರ ತಲಿ ಹಾರಿಸೀರೇನು?”

ನಮ್ಮ ಸಾಹೇಬರು ನಕ್ಕರು. ನಾನೂ ನಕ್ಕೆ.

“ಇರ್ಲಿಲ್ರಿ ಸರ್,” ಎಂದಿರಿ. “ದಿನಾ ನೋಡೀನಿ. ಇರ್ಲಿಲ್ಲ.”

ಕಾಗದದ ತಲೆ ಹಾರಿರಲಿಲ್ಲ. ಶೀರ್ಷಿಕೆ ಪೂರ್ತಿ ಇತ್ತು, ಅದರ ಮೇಲೆ ಬೆರಳಗಲ ಖಾಲಿ ಜಾಗವೂ ಇತ್ತು. ಅದನ್ನು ಕಂಡೇ, ‘ನೋಡೋಣ ಕೊಡ್ರಿ’ ಎಂದು ಇಸಿದುಕೊಂಡು ಡ್ರಾಯರಿಗೆ ಹಾಕಿದೆ. ವಾಪಸು ಕೊಡಲಿಲ್ಲ. ತಪ್ಪು ನಿಮ್ಮದೇ ಎಂದು ವಾರದೊಳಗೆ ಅಧಿಕಾರಿಗಳು ನಿಮ್ಮ ಕೇಂದ್ರ ಮುಚ್ಚಿಸಿದರು. ‘ಮಕ್ಕಳ ಕಾಗದ ಕೆಡಿಸಿದಾಕಿ’ ಎಂದು ಔರಾದದಲ್ಲಿ ನಿಮ್ಮನ್ನು ಅನ್ನುತ್ತಿದ್ದರಂತೆ. ಆ ಹುಡುಗಿ ಮರುವರ್ಷವೂ ಶಾಲೆಗೆ ಬರಲಿಲ್ಲ ಎಂದು ಕೇಳಿದೆ. ಮುಂದೆ ಕೇಳುವ ಧೈರ್ಯ ಮಾಡಲಿಲ್ಲ.

ಎಲ್ಲದಕ್ಕೂ ಹೆದರುವವನು ಕೆಟ್ಟದ್ದು ಮಾಡಲಾರ ಎಂದು ಜನ ನಂಬುತ್ತಾರೆ. ಥೂ. ನನ್ನ ಹೆದರಿಕೆಯ ಪಟ್ಟಿಯಲ್ಲಿ ಆ ಹನ್ನೊಂದು ಮಕ್ಕಳಲ್ಲಿ ಒಬ್ಬರೂ ಇರಲಿಲ್ಲ — ಕೋತಿ ಇತ್ತು. ನಕ್ಕ ಸಾಹೇಬರ ಮೇಲೆ ಸಿಟ್ಟಿದೆ, ಕಾಗದವನ್ನು ಯಾರೂ ಕೇಳಿ ನೋಡಲಿಲ್ಲವಲ್ಲ ಎಂಬ ಸಿಟ್ಟೂ ಇದೆ. ಆದರೆ ಅದನ್ನು ಬಚ್ಚಿಟ್ಟ ಕೈ ನನ್ನದು. ಇಷ್ಟು ವರ್ಷ ಅದೇ ಕೈಯಲ್ಲಿ ನೆಮ್ಮದಿಯಾಗಿ ಉಂಡೆನಲ್ಲ...

ಇವತ್ತಿಗೂ ಹುಡುಕಿದರೆ ಮೊದಲು ಬರುವುದು ಆ ಹಳೆಯ ಪುಟವೇ. ಈ ದಿನ ಅದರಿಂದ ಕೈಪಿಡಿಯನ್ನು ಅಳಿಸಿದ್ದೇನೆ. ಮೇಲೆ ಹೊಸದರ ವಿಳಾಸ. ಅದರ ಕೆಳಗೆ ಈ ಬರಹ, ನಿಮ್ಮ ಕಾಗದದ ಫೋಟೋ, ನನ್ನ ಹೆಸರು. ನಾಳೆ ಮೂಲ ಕಾಗದ ಹಿಡಿದು ಔರಾದದ ಬಸ್ ಹತ್ತುತ್ತೇನೆ. ನೀವು ಬಾಗಿಲು ತೆರೆಯಬೇಕೆಂದೇನಿಲ್ಲ, ಸುನಂದಾಬಾಯಿ. ಆ ಕಾಗದ ನಿಮ್ಮದು, ಹೊಸ್ತಿಲ ಮೇಲಿಟ್ಟು ಬರುತ್ತೇನೆ.