ಆಯಿಯ ಗುಲಾಬಿ ಬೇಲಿ

ಪಕ್ಕದ ಮನೆಯ ಆಯಿಯ ಮುಂಗೈಗಳ ಮೇಲೆ, ಹಸಿರು ಬಳೆಗಳ ಆಚೀಚೆ, ಮುಳ್ಳು ಗೀಚಿದ ಗೆರೆಗಳು ಎಂದೂ ಮಾಯಲಿಲ್ಲ. ಒಂದು ಒಣಗುವಷ್ಟರಲ್ಲಿ ಇನ್ನೊಂದು. ಚಿಂಚೋಳಿ ಕಾಡಂಚಿನ ತವರಿನಿಂದ ತಂದ ಕಾಡುಗುಲಾಬಿಯನ್ನು ಆಕೆ ನಮ್ಮೆರಡು ಅಂಗಳಗಳ ನಡುವೆ ಬೇಲಿಯಾಗಿ ಹಬ್ಬಿಸಿದ್ದಳು. ಆಡು ಕೂಡ ಅದಕ್ಕೆ ಮೂತಿ ಇಡುತ್ತಿರಲಿಲ್ಲ. ವರ್ಷಕ್ಕೊಮ್ಮೆ, ಶಿವರಾತ್ರಿಯ ಆಸುಪಾಸಿಗೆ, ಬಿಳಿ ಹೂ, ಐದೇ ಎಸಳು, ಆದರೆ ಗೊಂಚಲು ಗೊಂಚಲು.

ನಾನು ದಂಡೋತಿಯಿಂದ ಚಿತ್ತಾಪುರಕ್ಕೆ ಸೊಸೆಯಾಗಿ ಬಂದಾಗ ಅತ್ತೆ ಮಾತಿಗೊಮ್ಮೆ ಮುಖ ಸಿಂಡರಿಸುತ್ತಿದ್ದರು. ಕರೆದು ಪಕ್ಕದಲ್ಲಿ ಕೂಡಿಸಿಕೊಂಡವಳು ಆಯಿ. ಆ ಎಸಳುಗಳಿಗೆ ಸಕ್ಕರೆ ಬೆರೆಸಿ ಬಿಸಿಲಿಗಿಟ್ಟು ಗುಲ್ಕಂದ್ ಮಾಡುವುದು, ಬೇಸಿಗೆಯಲ್ಲಿ ಉರಿಯುವ ಕಣ್ಣಿನ ಮೇಲೆ ಎಸಳು ನೆನೆಸಿದ ನೀರಿನ ಬಟ್ಟೆ ಇಡುವುದು, ಕೆಂಪು ಕಾಯಿ ಕುದಿಸಿ ಕೆಮ್ಮಿಗೆ ಕುಡಿಯುವುದು ಎಲ್ಲ ಕಲಿಸಿದಳು. “ಮುಳ್ಳ ನನಗಿರ್ಲಿ, ಹೂ ನೀ ತಗೋ ಮಗಳ,” ಅನ್ನುವಳು. ಹೆತ್ತವ್ವನೂ ನನಗೆ ಹಾಗೆ ಅಂದಿರಲಿಲ್ಲ.

ಪ್ರತಿ ಮಳೆಗಾಲ ಉದ್ದನೆಯ ಕೊಂಬೆಗಳು ನಮ್ಮ ಕಡೆ ಬಾಗುತ್ತಿದ್ದವು. ಆಯಿ ಆಚೆಯಿಂದ ಕೂಗುವಳು: “ತುದಿ ಮಣ್ಣಾಗ ಹುಗದು, ಮ್ಯಾಲೊಂದು ಪರ್ಸಿ ಕಲ್ಲಿನ ತುಂಡು ಇಡವಾ. ನಿನ್ ಕೈಗುಣ ಭಾಳ ಛಲೋ ಅದ.” ಹುಗಿದಲ್ಲೆಲ್ಲ ಬೇರುಬಿಟ್ಟು ಹೊಸ ಗಿಡ ಏಳುತ್ತಿತ್ತು. ತನ್ನ ಕಡೆಯ ಹಳೆಯ ಬುಡಗಳನ್ನು ಮುದಿಯಾದವೆಂದು ಆಕೆ ಕಡಿಯುತ್ತಿದ್ದಳು. ಹತ್ತು ವರ್ಷ ಹೀಗೇ ನಡೆಯಿತು. ನಾನು ಹೊಗಳಿಕೆಗೆ ಉಬ್ಬಿ ಹುಗಿದೆನೇ ಹೊರತು ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ.

ಮೊಣಕಾಲು ನೋವಿನ ಅತ್ತೆಗೆ ಅಂಗಳದಲ್ಲೇ ಬಚ್ಚಲು ಕಟ್ಟಿಸಲು ಹೊರಟಾಗ ಜಾಗ ಸಾಲಲಿಲ್ಲ. ಮೋಜಣಿಯವರು ಬಂದು ಅಳೆದರು. ಬೇಲಿ ನಮ್ಮ ಜಾಗದೊಳಗೆ ನಾಲ್ಕು ಅಡಿ ಸರಿದಿತ್ತು. ಅತ್ತೆ ಕೆರಳಿ ಕೇಳಿದಾಗ ಆಯಿ ಬಳೆ ಸರಿಸಿಕೊಳ್ಳುತ್ತ ಅಂದಳು:

“ನನಗ್ಯಾಕ ಕೇಳ್ತೀರಿ? ಗಿಡ ಹಚ್ಚಿದಾಕಿ ನಿಮ್ಮ ಸೊಸಿನೇ. ಅಕಿಗೇ ಕೇಳ್ರಿ.”

ಅತ್ತೆ ನನ್ನ ಕಡೆ ತಿರುಗಿದರು. ಆಯಿಯ ಮಾತು ನಿಜವೇ ಆಗಿತ್ತು. ನಂಬಿಸಿ ಕತ್ತು ಕೊಯ್ಯುವುದು ಅಂದರೇನೆಂದು ಅಂದು ತಿಳಿಯಿತು.

ಮೋಜಣಿಯವರು ಕಲ್ಲು ನೆಟ್ಟು ಹೋದರು. ಬೇಲಿ ಕಿತ್ತೆವು, ಬಚ್ಚಲೂ ಆಯಿತು. ಗೋಡೆಯ ಹಿಂದೆ ಒಂದು ಪೊದೆ ಮಾತ್ರ ಉಳಿಸಿದೆ, ಯಾಕೆ ಉಳಿಸಿದೆನೋ. ನಾಲ್ಕು ವರ್ಷ ಆಯಿಯನ್ನು ಮಾತಾಡಿಸಲಿಲ್ಲ. ಕಣ್ಣು ಉರಿದಾಗ ಮಾತ್ರ ಆಕೆ ಕಲಿಸಿದ ಬಟ್ಟೆಯನ್ನೇ ಇಟ್ಟುಕೊಂಡೆ.

ಹೋದ ಶಿವರಾತ್ರಿಯ ನಂತರ ಆಕೆ ತೀರಿಕೊಂಡಳು. ಆಕೆಯ ಮಗಳು ಬಂದು, “ಅಕ್ಕಾ, ತಾ ಸತ್ತಾಗ ಮೈಮ್ಯಾಲ ಆ ಹೂ ಹಾಕಬೇಕಂತಿದ್ಲು ಅವ್ವ. ಈಗ ನಿಮ್ಮ ಕಡೀನೇ ಉಳದಾವ,” ಅಂದಳು.

ಬುಟ್ಟಿ ತುಂಬ ಕಿತ್ತುಕೊಟ್ಟೆ. ಅಳು ಬರಲಿಲ್ಲ. ಮುಂಗೈ ತುಂಬ ಗೀರು ಬಿದ್ದು ಉರಿಯುತ್ತಿತ್ತು. ಈ ಸಲ ಹೂ ಆಕೆಗೆ, ಮುಳ್ಳು ನನಗೆ.